ಹಾರುವ ಓತಿ ಯಾಕೆ ಅಷ್ಟು ತಡವಾಗಿ ಬರುತ್ತೆ?

ಸಕಲೇಶಪುರದಿಂದ ಬರೆದಿರೋ ಮೇಡಂ ಅವರಿಗೆ ನಮಸ್ಕಾರ. ನಿಮ್ಮ ಪತ್ರ ಪೂರ್ತಿ ಹಾಕೋಕೆ ಜಾಗ ಸಾಲಲ್ಲ, ಬೇರೆ ಓದುಗರಿಗಾಗಿ ಸಾರಾಂಶ ಹೇಳ್ಬಿಡ್ತೀನಿ. ನಿಮ್ಮ ಓದಿನ ಗುಂಪಲ್ಲಿ ತೇಜಸ್ವಿಯವರ ಕಾದಂಬರಿ 'ಕರ್ವಾಲೊ' ತಗೊಂಡ್ರಿ, ಅರ್ಧ ಜನಕ್ಕೆ ಜೇನು, ಹಳ್ಳಿ ಹುಡುಗ ಮಂದಣ್ಣನ ಮದುವೆ, ಕಳ್ಳಬಟ್ಟಿ ಕೇಸು ಎಲ್ಲಾ ಬರೀ ಹರಟೆ ಅನ್ನಿಸ್ತು, ಕೊನೆಗೆ ಕಾಡಲ್ಲಿ ಹುಡುಕೋಕೆ ಹೋಗೋ ಹಾರುವ ಓತಿನೇ ವಿಷಯ ಆಗಿದ್ರೆ ಶುರುವಲ್ಲೇ ತರಬಹುದಿತ್ತಲ್ಲ ಅಂತ ಒಬ್ರು ಕೇಳಿದ್ರು. ಹೀಗೆ ಬಿಡಿಸಿ ಬಿಡಿಸಿ ಓದಿದ್ರೆ ಓದೋ ಖುಷಿನೇ ಹೋಗಲ್ವಾ ಅನ್ನೋದು ನಿಮ್ಮ ಅನುಮಾನ.

ಆ ಪ್ರಶ್ನೆ ಕೇಳಿದವರಿಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳಿ. ಯಾವುದು ಯಾವಾಗ ಬರುತ್ತೆ, ಅಲ್ಲೇ ಯಾಕೆ ಬರುತ್ತೆ ಅಂತ ಕೇಳ್ಕೊಂಡ್ರೆ ಕಾದಂಬರಿ ಹೇಗೆ ಕಟ್ಟಿದ್ದಾರೆ ಅನ್ನೋದು ತಾನಾಗೇ ಕಾಣೋಕೆ ಶುರುವಾಗುತ್ತೆ.

1980ರ ಈ ಪುಸ್ತಕದಲ್ಲಿ ಎಲ್ಲಾ ಹೇಳೋದು 'ನಾನು' ಅನ್ನೋನು, ತೋಟ ಮಾಡಿ ಬೇಸತ್ತು ಮಾರಿಬಿಡೋಣ ಅಂತಿರೋನು. ಮೂಡಿಗೆರೆ ಜೇನು ಸೊಸೈಟಿ ಹತ್ರ ಮಂದಣ್ಣ ಇವನ ಕಣ್ಣಿಗೆ ಪೆದ್ದನ ಥರ ಕಾಣ್ತಾನೆ, ನಾವೂ ನಂಬ್ತೀವಿ, ನಗ್ತೀವಿ, ನಮಗೆ ಇರೋದು ಅವನ ಕಣ್ಣೊಂದೇ ತಾನೆ. ಆಮೇಲೆ ವಿಜ್ಞಾನಿ ಕರ್ವಾಲೊ ಅದೇ ಮಂದಣ್ಣನ್ನ ಅಷ್ಟು ಗೌರವದಿಂದ ಮಾತಾಡಿಸೋದು ನೋಡಿ ಅವನಿಗೂ ನಮಗೂ ಒಟ್ಟಿಗೇ ಕಸಿವಿಸಿ ಆಗುತ್ತೆ. ಆ ಕಸಿವಿಸಿ ಹುಟ್ಟೋಕೆ ಅಷ್ಟು ಪುಟ ಬೇಕೇ ಬೇಕು ಮೇಡಂ. ಓತಿ ಮೊದಲೇ ಬಂದುಬಿಟ್ಟಿದ್ರೆ ಇದೊಂದು ಕಾಡಿನ ಸಾಹಸದ ಕಥೆ ಆಗ್ತಿತ್ತು, ಮಂದಣ್ಣ ಬರೀ ದಾರಿ ತೋರಿಸೋ ಆಳಾಗ್ತಿದ್ದ. ಈಗ ನೋಡಿ, ಎದುರಿಗಿರೋ ಮನುಷ್ಯನ್ನೇ ಸರಿಯಾಗಿ ಕಾಣದೋನ ಜೊತೆ ಯಾರ ಕಣ್ಣಿಗೂ ಸುಲಭಕ್ಕೆ ಬೀಳದ ಪ್ರಾಣಿ ಹುಡುಕೋಕೆ ಹೊರಟಿರ್ತೀವಿ. ಕೊನೆಗೆ ಅದು ಕಂಡೂ ಕೈಗೆ ಸಿಗದೆ ತೇಲಿ ಹೋದಾಗ ಮೋಸ ಹೋದ್ವಿ ಅಂತ ಅನ್ಸೋದೇ ಇಲ್ವಲ್ಲ, ಅದಕ್ಕೆ ನಮ್ಮನ್ನ ತಯಾರು ಮಾಡಿರೋದು ಆ 'ಹರಟೆ' ಪುಟಗಳೇ ಅಂತ ನಾನಂತೂ ಗಟ್ಟಿಯಾಗಿ ನಂಬಿದ್ದೀನಿ.

ವಾಕ್ಯದ ಮಟ್ಟಕ್ಕೆ ಇಳಿದ್ರೂ ಇದೇ ಕಥೆ. ಉದಾಹರಣೆಗೆ ಅಂತ ನಾನೇ ಈಗ ಬರೆದ ಎರಡು ಸಾಲು: 'ರೈಟರು ಲೆಕ್ಕದ ಪುಸ್ತಕ ಮುಚ್ಚಿದರು. ಕಣದಲ್ಲಿ ಹೆಂಗಸರು ಇನ್ನೂ ನಿಂತೇ ಇದ್ದರು.' ರೈಟರು ಅಂದ್ರೆ ಇಲ್ಲಿ ತೋಟದ ಲೆಕ್ಕ ಬರೆಯೋ ಗುಮಾಸ್ತರು. ಕೂಲಿ ಬಟವಾಡೆ ಆಗಿಲ್ಲ ಅಂತ ಎಲ್ಲೂ ಹೇಳಿಲ್ಲ, ಆದ್ರೂ ಗೊತ್ತಾಗುತ್ತೆ. ಈಗ ತಿರುಗಿಸಿ, ಹೆಂಗಸರು ಮೊದಲು, ಪುಸ್ತಕ ಮುಚ್ಚಿದ್ದು ಆಮೇಲೆ. ವ್ಯವಹಾರ ಅಲ್ಲಿಗೆ ಮುಗೀತು, ಕೊನೆ ಮಾತು ರೈಟರದ್ದಾಯ್ತು. ಮೊದಲನೇ ಥರ ಬರೆದಾಗ ಮಾತ್ರ ಆ ಹೆಂಗಸರು ನಮ್ಮ ಮುಂದೆ ನಿಂತೇ ಇರ್ತಾರೆ, ಬರೆಯೋನು ಯಾರ ಪರ ಅನ್ನೋದು ಇಂಥ ಕಡೆ ಗೊತ್ತಾಗೋದು, ಭಾಷಣದಲ್ಲಲ್ಲ.

ಇನ್ನು ಓದೋ ಖುಷಿ ಹೋಗುತ್ತೆ ಅನ್ನೋ ನಿಮ್ಮ ಅನುಮಾನ. ಮೊದಲನೇ ಸಲವೇ ಪೆನ್ಸಿಲ್ ಹಿಡ್ಕೊಂಡು ಕೂತ್ರೆ ಖಂಡಿತ ಹೋಗುತ್ತೆ, ಆಗ ಸುಮ್ಮನೆ ಕಥೆ ಜೊತೆ ಹೋಗಿ. ಎರಡನೇ ಸಲ ಏನಾಗುತ್ತೆ ಅನ್ನೋ ಆತುರ ಇರಲ್ಲ, ಹೇಗಾಯ್ತು ಅಂತ ನೋಡೋಕೆ ಪುರುಸೊತ್ತು ಸಿಗುತ್ತೆ, ನನಗಂತೂ ಹೆಚ್ಚು ಖುಷಿ ಸಿಗೋದು ಅಲ್ಲೇ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಶುರುವಿನಲ್ಲೇ 'ಇಲ್ಲಿ ಯಾರೂ ಮುಖ್ಯರಲ್ಲ' ಅಂತ ಹೇಳಿಬಿಟ್ಟಿದೆ, ಆದ್ರೂ ನಾವು ಮೊದಲ ಓದಲ್ಲಿ ನಾಯಕ ಯಾರು ಅಂತ ಹುಡುಕ್ತಾ ಸುಸ್ತಾಗ್ತೀವಿ, ಎರಡನೇ ಓದಲ್ಲಿ ಆ ಹುಡುಕಾಟ ಬಿಟ್ರೆ ಕಾದಂಬರಿ ಎಷ್ಟು ಅಗಲ ಇದೆ ಅಂತ ಕಾಣುತ್ತೆ.

ವಿಮರ್ಶೆ ಪುಸ್ತಕ ಮೊದಲೇ ಓದ್ಕೋಬೇಕಾ ಅಂತಾನೂ ಕೇಳಿದ್ದೀರಿ. ಬೇಡ, ನಿಮ್ಮ ಜಗಳ ಮುಗಿದ ಮೇಲೆ ಓದಿ. ಮುಂದಿನ ಸಲ ಮಂದಣ್ಣನ ಮದುವೆ ಭಾಗ ಒಂದನ್ನೇ ಜೋರಾಗಿ ಓದಿಸಿ, ನಿರೂಪಕ ಎಲ್ಲೆಲ್ಲಿ ನಗ್ತಾನೆ, ಎಲ್ಲಿ ನಗು ನಿಲ್ಲಿಸ್ತಾನೆ ಅಂತ ಗುರುತು ಹಾಕಿ, ಹರಟೆ ಅಂದವರೇ ಅದರ ಟಿಪ್ಪಣಿ ಬರೀಲಿ. ಎರಡು ಪುಟದೊಳಗೆ ಇದ್ರೆ ನಮ್ಮ ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ, ನಾನು ಹೇಳಿದ್ದಕ್ಕೆ ಪೂರ್ತಿ ವಿರುದ್ಧ ಇದ್ರೂ ಸರಿ.

– ಸಂ.