ಸ್ವಭಾವ ಬೇರೆಯಾದರೆ ಓದುವ ಕ್ರಮವೂ ಬೇರೆಯೇ?

ಪ್ರಶ್ನೆ: ಮಗಳು ದ್ವಿತೀಯ ಪಿಯು, ಮಗ ಹತ್ತನೇ ತರಗತಿ. ಮೊಬೈಲ್‌ನಲ್ಲಿ ಮಾಡಿದ ವ್ಯಕ್ತಿತ್ವ ಪರೀಕ್ಷೆಯಲ್ಲಿ ಅವಳು ಅಂತರ್ಮುಖಿ, ಅವನು ಬಹಿರ್ಮುಖಿ ಎಂದು ಬಂದಿದೆ. ಅವಳು ಬಾಗಿಲು ಹಾಕಿಕೊಂಡೇ ಓದುತ್ತಾಳೆ. ಅವನಿಗೆ ಗೆಳೆಯರಿಲ್ಲದೆ ಪುಸ್ತಕ ತೆರೆಯಲಾಗದು. ಇಬ್ಬರಿಗೂ ಬೇರೆ ಬೇರೆ ಕ್ರಮ ಬೇಕೇ?
– ಒಬ್ಬ ತಾಯಿ, ಹಾಸನ

ಉತ್ತರ: ಕ್ರಮ ಒಂದೇ ಸಾಕು, ಅಮ್ಮ. ಅದು ಎಲ್ಲಿ ಹಳಿ ತಪ್ಪುತ್ತದೆ ಎಂಬುದು ಮಾತ್ರ ಸ್ವಭಾವಕ್ಕೆ ತಕ್ಕಂತೆ ಬದಲಾಗುತ್ತದೆ. ಅಂಕಗಳ ಜೊತೆ ಹೆಚ್ಚು ನಂಟಿರುವ ಗುಣವೂ ಅಂತರ್ಮುಖತೆಯಲ್ಲ, ಹಿಡಿದ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸುವ ಶಿಸ್ತು.

ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರ ಕಳೆದಾಗ ಅವರಿಗೆ ನೆನಪಿದ್ದದ್ದು ಶೇ. 42, ಪಾಠ ನೋಡದೆ ನೆನಪಿನಿಂದ ಬರೆದವರಿಗೆ ಶೇ. 56. ಮತ್ತೆ ಮತ್ತೆ ಓದಿದಾಗ ಸಾಲುಗಳು ಪರಿಚಿತವೆನಿಸುತ್ತವೆ, ಅದನ್ನೇ ನಾವು 'ಬರುತ್ತದೆ' ಎಂದುಕೊಳ್ಳುತ್ತೇವೆ.

ಹಾಗಾಗಿ ಇಬ್ಬರೂ 25 ನಿಮಿಷ ಓದಲಿ. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ 10 ನಿಮಿಷ ನೆನಪಾದದ್ದನ್ನೆಲ್ಲ ಬರೆಯಲಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಲಿ. ಮರುದಿನ, ನಾಲ್ಕನೇ ದಿನ, ವಾರದ ನಂತರ ಆ ಕೆಂಪು ಭಾಗವನ್ನೇ ಮತ್ತೆ ನೋಡದೆ ಬರೆಯಬೇಕು. ಮೊದಲ ದಿನ ಅರ್ಧ ಹಾಳೆಯೂ ತುಂಬುವುದಿಲ್ಲ. ಗಾಬರಿಯಾಗಬೇಡಿ, ನೆನಪಿಸಿಕೊಳ್ಳಲು ಪಡುವ ಆ ಒದ್ದಾಟದಿಂದಲೇ ಪಾಠ ಉಳಿಯುವುದು.

ಮಗನ ವಿಷಯದಲ್ಲಿ ಎಚ್ಚರ ಬೇಕಾದದ್ದು ಇಲ್ಲಿ: ಗೆಳೆಯ ಲೆಕ್ಕ ಬಿಡಿಸುವುದನ್ನು ನೋಡಿದಾಗ ತನಗೂ ಬಂದಂತೆ ಅನಿಸುತ್ತದೆ. ಹಾಳೆ ಬರೆದ ಮೇಲೆಯೇ ಗೆಳೆಯರ ಬಳಿ ಹೋಗಲಿ. ಅಲ್ಲಿ ಒಂದು ಪ್ರಮೇಯವನ್ನು ಅವನೇ ನಿಂತು ವಿವರಿಸಲಿ, ಉಳಿದವರು 'ಏಕೆ?' ಎಂದು ಕೇಳಲಿ. ಮೂರು ಜನ ಸಾಕು, ಐದಾರಾದರೆ ಹರಟೆಯಾಗುತ್ತದೆ.

ಮಗಳ ತೊಡಕು ಬೇರೆ. ಒಂಟಿಯಾಗಿ ಓದುವುದು ತಪ್ಪಲ್ಲ, ಬಲವಂತವಾಗಿ ಗುಂಪಿಗೆ ಕಳಿಸಬೇಡಿ. ಆದರೆ ತರಗತಿಯಲ್ಲಿ ಕೈಯೆತ್ತಲು ಹಿಂಜರಿದರೆ ಸಂದೇಹ ತಿಂಗಳುಗಟ್ಟಲೆ ಒಳಗೇ ಉಳಿಯುತ್ತದೆ. ಸಂದೇಹಗಳನ್ನು ಚೀಟಿಯಲ್ಲಿ ಬರೆದಿಟ್ಟು, ವಾರಕ್ಕೊಮ್ಮೆ ಉಪನ್ಯಾಸಕರಿಗೆ ಕೊಡಲಿ. 'ಅರ್ಥವಾಗಲಿಲ್ಲ' ಎಂದಷ್ಟೇ ಬರೆದರೆ ಅವರಿಗೂ ಕಷ್ಟ. 'ಮೂರನೇ ಹಂತದಲ್ಲಿ ಋಣ ಚಿಹ್ನೆ ಹೇಗೆ ಬಂತು?' ಎಂದು ಬರೆದರೆ ಎರಡೇ ನಿಮಿಷದಲ್ಲಿ ಉತ್ತರ ಸಿಗುತ್ತದೆ.