ಅರ್ಧ ಎಕರೆಯಲ್ಲಿ ಮದುವೆಗೂ ಸಾವಿಗೂ ಆಗುವಷ್ಟು ಹೂವು ಬೆಳೆಯಬಹುದಾ?

ಮೈಸೂರಿನ ಹತ್ತಿರ ಅರ್ಧ ಎಕರೆ ಇದೆ, ಬೋರ್‌ವೆಲ್ ಇದೆ ಅಂದಿದ್ದೀರಿ. ಆಯಾ ಕಾಲದ ಹೂವನ್ನೇ ಬೆಳೆದು, ಪ್ಲಾಸ್ಟಿಕ್ಕು, ಫೋಮು ಮುಟ್ಟದೆ ಮದುವೆಗೂ ಸಾವಿಗೂ ಅಲಂಕಾರ ಮಾಡಿಕೊಡೋಕೆ ಆಗುತ್ತಾ, ಏನೇನು ನೆಡಬೇಕು ಎಂದು ಕೇಳಿದ್ದೀರಿ. ನಾನು ನಂಜನಗೂಡು ಕಡೆಯವಳು. ಒಂಬತ್ತು ವರ್ಷದಿಂದ ಇದೇ ಕೆಲಸ. ಆಗುತ್ತದೆ. ಆದರೆ ಎರಡಕ್ಕೂ ಒಂದೇ ಲೆಕ್ಕ ಹಾಕಿದರೆ ಸೋಲುತ್ತೀರಿ. ಮದುವೆಗೆ ತಾರೀಖು ಇರುತ್ತದೆ. ಸಾವಿಗೆ ಇರಲ್ಲ.

ಮೊದಲು ಮದುವೆ. ಲಗ್ನಪತ್ರಿಕೆ ಕೈಗೆ ಬಂದ ದಿನವೇ ಹಿಂದಕ್ಕೆ ಎಣಿಸಬೇಕು. ಚೆಂಡುಹೂವು ಅಂದರೆ ಸಸಿಗೆ ಮೂರು ನಾಲ್ಕು ವಾರ, ನಾಟಿ ಮಾಡಿದ ಮೇಲೆ 50–60 ದಿನ. ಅಲ್ಲಿಗೆ ಮೂರು ತಿಂಗಳು. ನನ್ನ ಮೊದಲ ಮದುವೆ ಆರ್ಡರ್‌ನಲ್ಲಿ ಇಷ್ಟನ್ನೂ ಸರಿಯಾಗಿಯೇ ಎಣಿಸಿದ್ದೆ. ಆಮೇಲೆ ಗಿಡ ಚೆನ್ನಾಗಿ ಕವಲೊಡೆಯಲಿ ಎಂಬ ಆಸೆಗೆ ಕುಡಿ ಚಿವುಟಿಬಿಟ್ಟೆ. ಕುಡಿ ಚಿವುಟಿದರೆ ಹೂವು ಜಾಸ್ತಿ ಬರುತ್ತದೆ, ನಿಜ. ತಡವಾಗಿಯೂ ಬರುತ್ತದೆ, ಅದು ಮರೆತೇ ಹೋಗಿತ್ತು. ಮದುವೆ ಮುಗಿದು ಎಂಟು ದಿನಕ್ಕೆ ಹೊಲ ಕೇಸರಿ ಬಣ್ಣಕ್ಕೆ ತಿರುಗಿತು! ಮದುವೆಯ ಹಿಂದಿನ ದಿನ ಬೆಳಗಿನ ಜಾವ ದೇವರಾಜ ಮಾರುಕಟ್ಟೆಗೆ ಓಡಿ ಕೊಂಡು ತಂದೆ. ಲಾಭ ಪೂರ್ತಿ ಅಲ್ಲೇ ಹೋಯಿತು. ಈಗ ಹತ್ತು ದಿನ ಬಿಟ್ಟು ಬಿಟ್ಟು ಮೂರು ಮಡಿ ಹಾಕುತ್ತೇನೆ, ಒಂದಲ್ಲ ಒಂದು ಸಿಗುತ್ತದೆ. ಒಂದು ಕೆಜಿಗೆ ದೊಡ್ಡ ಹೂವಾದರೆ ನೂರು, ನೂರಿಪ್ಪತ್ತು ಬರುತ್ತವೆ. ಒತ್ತಾಗಿ ಪೋಣಿಸಿದರೆ ಹತ್ತು ಹನ್ನೆರಡು ಅಡಿ ಸರ. ಬಾಗಿಲು, ಮಂಟಪ ಅಳೆದುಕೊಂಡು ಬಂದರೆ ಎಷ್ಟು ಗಿಡ ಬೇಕು ಎಂದು ನಿಮಗೇ ಗೊತ್ತಾಗುತ್ತದೆ.

ಸೇವಂತಿಗೆಯ ಸ್ವಭಾವ ಬೇರೆ. ಹಗಲು ಚಿಕ್ಕದಾಗುತ್ತಾ ಬಂದರೆ ಮಾತ್ರ ಅದು ಮೊಗ್ಗು ಕಟ್ಟುತ್ತದೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋಗುವಾಗ ಹೊಲದ ತುಂಬ ಬಲ್ಬು ಉರಿಯುವುದನ್ನು ನೋಡಿರಬಹುದು. ಜಾತ್ರೆ ಅಲ್ಲ ಅದು. ಇನ್ನೂ ಹಗಲು ದೊಡ್ಡದೇ ಇದೆ ಎಂದು ಗಿಡವನ್ನು ನಂಬಿಸಿ, ಹೂವನ್ನು ತಮಗೆ ಬೇಕಾದ ದಿನಕ್ಕೆ ತಳ್ಳುತ್ತಾರೆ. ನಾನು ಆ ಗೋಜಿಗೆ ಹೋಗಲ್ಲ. ತಾನಾಗೇ ಬಿಟ್ಟರೆ ಕಾರ್ತಿಕದ ಮದುವೆಗಳಿಗೆ ಸರಿಯಾಗಿ ಸಿಗುತ್ತದೆ. ಧನುರ್ಮಾಸ ಬಂದರೆ ಹೇಗೂ ಮದುವೆ ಇಲ್ಲ.

ಜಗಳ ಬರುವುದು ಮಲ್ಲಿಗೆಯ ವಿಷಯಕ್ಕೆ. ನಮ್ಮ ಮೈಸೂರು ಮಲ್ಲಿಗೆಯನ್ನು ಚಳಿಯಲ್ಲಿ ನೀರು ನಿಲ್ಲಿಸಿ, ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಟ್ಟರೆ ಬೇಸಿಗೆಯಲ್ಲಿ ಸುರಿಯುತ್ತದೆ. ವೈಶಾಖದ ಮದುವೆಗೆ ಅದೇ ರಾಜ. ಸಂಕ್ರಾಂತಿ ಕಳೆದ ಮೇಲಿನ ಮದುವೆಗೆ ಬಂದು ‘ಮಲ್ಲಿಗೆಯ ಮೊಗ್ಗಿನ ಜಡೆಯೇ ಬೇಕು’ ಅಂದರೆ, ಎಲ್ಲಿಂದಲೋ ತರಿಸಬೇಕು, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಅಂಥವರಿಗೆ ಕಾಕಡ ತೋರಿಸುತ್ತೇನೆ. ಚಳಿಯಲ್ಲೂ ಬಿಡುತ್ತದೆ, ಮೊಗ್ಗು ಉದ್ದ. ಘಮ ಇಲ್ಲ ಎಂದು ಮುಖ ಸಿಂಡರಿಸುತ್ತಾರೆ. ನಡುನಡುವೆ ಮರುಗ, ದವನ ಸೇರಿಸಿ ಕಟ್ಟಿಕೊಟ್ಟರೆ ಸುಮ್ಮನಾಗುತ್ತಾರೆ. ಆದರೂ ಒಪ್ಪದವರಿಗೆ ಬೇರೆ ಕಡೆ ನೋಡಿ ಅಂತ ಹೇಳಲು ಕಲಿಯಬೇಕು. ನನಗೆ ಅದಕ್ಕೆ ಮೂರು ವರ್ಷ ಹಿಡಿಯಿತು.

ಈಗ ಸಾವಿನ ಮಾತು. ಇದನ್ನು ಕೇಳಿದವರು ಕಮ್ಮಿ, ನೀವು ಕೇಳಿದ್ದು ಒಳ್ಳೆಯದಾಯಿತು. ಫೋನ್ ಬರುವುದು ರಾತ್ರಿ ಹನ್ನೊಂದಕ್ಕೆ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಹೂವು ಬೇಕು. ಇಲ್ಲಿ ಹಿಂದಕ್ಕೆ ಎಣಿಸುವ ಲೆಕ್ಕ ನಡೆಯಲ್ಲ. ಯಾವ ದಿನ ಕತ್ತರಿ ಹಿಡಿದು ಹೋದರೂ ಏನಾದರೂ ಸಿಗುವ ತೋಟ ಬೇಕು. ಅದಕ್ಕೆ ಬೇಲಿಯೇ ಆಧಾರ. ನಂದಿಬಟ್ಟಲು, ಕಣಗಿಲೆ ಎರಡೂ ವರ್ಷ ಪೂರ್ತಿ ಬಿಡುತ್ತವೆ, ಕಡ್ಡಿ ಊರಿದರೆ ಸಾಕು ಬರುತ್ತವೆ. (ಕಣಗಿಲೆ ಪೂರ್ತಿ ವಿಷ. ಮೇಕೆ ಬರುವ ಬದಿಗೆ ಹಾಕಬೇಡಿ, ಮದುವೆಯಲ್ಲಿ ಊಟದೆಲೆಯ ಪಕ್ಕ ಅಲಂಕಾರಕ್ಕೂ ಇಡಬೇಡಿ.) ಒಳಗೆ ಸುಗಂಧರಾಜ. ಗೆಡ್ಡೆ ನೆಟ್ಟ ಮೂರು ನಾಲ್ಕು ತಿಂಗಳಿಗೆ ಶುರುವಾದರೆ ಎರಡು ಮೂರು ವರ್ಷ ಅದೇ ಜಾಗದಲ್ಲಿ ಬಿಡುತ್ತದೆ. ಹಾರಕ್ಕೆ ಒಂಟಿ ಸುತ್ತಿನದು ತಗೊಳ್ಳಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಪ್ರಜ್ವಲ್ ತಳಿ ನಮ್ಮಲ್ಲಿ ಚೆನ್ನಾಗಿ ಬಂದಿದೆ. ಒಂದು ಮೂಲೆಯಲ್ಲಿ ತುಳಸಿ, ಪಚ್ಚೆತೆನೆ. ಜಾಗವಿದ್ದರೆ ಒಂದು ಬಿಲ್ವದ ಮರ. ನಮ್ಮ ಕಡೆ ಲಿಂಗಾಯತರ ಮನೆಗಳು ಜಾಸ್ತಿ, ತೀರಿಕೊಂಡವರನ್ನು ಕೂರಿಸಿ ಒಯ್ಯಲು ವಿಮಾನ ಅನ್ನೋ ಅಲಂಕಾರದ ಚಟ್ಟ ಕಟ್ಟುತ್ತಾರೆ, ಪತ್ರೆ ಬೇಕೇ ಬೇಕು.

ಕನಕಾಂಬರ ಮಾತ್ರ ಎರಡಕ್ಕೂ. ಒಂದು ಆಷಾಢದಲ್ಲಿ ಪಕ್ಕದ ಊರಿನ ಅಜ್ಜಿಯೊಬ್ಬರು ತೀರಿಕೊಂಡರು. ಗಂಡ ಇನ್ನೂ ಇದ್ದರು. ಮುತ್ತೈದೆ ಸಾವು, ಅರಿಶಿನ ಕುಂಕುಮ ಇಟ್ಟು, ಹೂವು ಮುಡಿಸಿ ಕಳಿಸಬೇಕು. ಮಗಳು ಹಾರದ ಲೆಕ್ಕ ಎಲ್ಲ ಹೇಳಿದ ಮೇಲೆ ಮೆಲ್ಲಗೆ, ‘ಅಕ್ಕಾ, ಅವ್ವ ಯಾವಾಗಲೂ ಕನಕಾಂಬರನೇ ಮುಡಿತಿದ್ದಿದ್ದು’ ಅಂದಳು. ಆ ಕನಕಾಂಬರದ ಮಡಿ ನಾನು ಒಂದು ಮದುವೆಗೆಂದು ಇಟ್ಟುಕೊಂಡಿದ್ದು. ಕೊಯ್ದೆ. ಎರಡು ಮಾರು ಕಟ್ಟಿ ಕೊಟ್ಟೆ. ಅಂದಿನಿಂದ ಇದು ಮದುವೆ ಸಾಲು, ಇದು ಸಾವಿನ ಸಾಲು ಎಂದು ತೋಟದಲ್ಲಿ ಗೆರೆ ಹಾಕುವುದು ಬಿಟ್ಟೆ. ‘ಶುಭಕ್ಕೆ ಕಟ್ಟೋ ಕೈಲಿ ಅದನ್ನೂ ಕಟ್ಟಬೇಡ ಕಣವ್ವಾ’ ಎಂದು ಹೇಳುವವರು ನಿಮಗೂ ಸಿಗುತ್ತಾರೆ. ಮಾರುಕಟ್ಟೆಯಲ್ಲಿ ಒಂದೇ ಅಂಗಡಿಯವರು ಎರಡಕ್ಕೂ ಮಾರುತ್ತಾರೆ, ಯಾರೂ ಕೇಳಲ್ಲ. ನಾನು ಪಾಲಿಸುವುದು ಒಂದೇ. ಸಾವಿನ ಮನೆಗೆ ಹೋದ ಬುಟ್ಟಿಯನ್ನು ವಾಪಸ್ ತರಲ್ಲ. ಅದಕ್ಕೇ ಅಲ್ಲಿಗೆ ತೆಂಗಿನ ಗರಿಯ ಬುಟ್ಟಿ, ಒಂದು ಹೋದರೆ ಇನ್ನೊಂದು ಹೆಣೆಯಬಹುದು.

ಅಲಂಕಾರಕ್ಕೆ ಬಂದರೆ, ಆ ಹಸಿರು ಫೋಮ್ ಇಟ್ಟಿಗೆ ನಿಜಕ್ಕೂ ಪ್ಲಾಸ್ಟಿಕ್ಕೇ. ಪುಡಿಯಾಗುತ್ತದೆ, ಕೊಳೆಯಲ್ಲ. ಅದರ ಬದಲು ಬಾಳೆದಿಂಡು. ಗೊನೆ ಕಡಿದ ಮೇಲೆ ತೋಟದವರು ಸುಮ್ನೆ ಕೊಡುತ್ತಾರೆ. ಒಂದೂವರೆ ಅಡಿ ತುಂಡು ಮಾಡಿ, ಉರುಳದ ಹಾಗೆ ಒಂದು ಬದಿ ಚಪ್ಪಟೆ ಕೆತ್ತಿ, ತೆಂಗಿನ ಕಡ್ಡಿಯಲ್ಲಿ ಹೂವು ಚುಚ್ಚಿದರೆ ಒಂದು ದಿನ ಬಾಡಲ್ಲ, ದಿಂಡಿನಲ್ಲೇ ಅಷ್ಟು ನೀರು ಇರುತ್ತದೆ. ಕಡಿದ ಬದಿಯನ್ನು ಒರೆಸಿ, ಕೆಳಗೆ ಎಲೆ ಹಾಸಿ. ಬಾಳೆ ಕಲೆ ಬಟ್ಟೆಗೆ ಹತ್ತಿದರೆ ಹೋಗಲ್ಲ. ಒಬ್ಬ ಬೀಗಿತ್ತಿಯ ರೇಷ್ಮೆ ಸೀರೆಯಿಂದ ನಾನು ಇದನ್ನು ಕಲಿತೆ, ಆ ಕಥೆ ಬೇಡ. ಕಟ್ಟಲು ಬಾಳೆನಾರು, ಪೋಣಿಸಲು ಹತ್ತಿ ದಾರ. ಚರ್ಚ್‌ಗೆ ಉಂಗುರದಂಥ ಹೂಗುಚ್ಛ ಕೇಳುತ್ತಾರೆ. ಒಣ ನೆಲ್ಲುಹುಲ್ಲನ್ನು ಹಗ್ಗದಂತೆ ತಿರುಚಿ ಸುತ್ತಿ ಮಾಡಿದರೆ ಮಣ್ಣಲ್ಲಿ ಹಾಗೇ ಕರಗುತ್ತದೆ. ಸಾವಿನ ಹಾರದಲ್ಲಿ ಜರಿ, ಥರ್ಮೊಕೋಲು ಇದ್ದರೆ ಅದು ಚಿತೆಯಲ್ಲಿ ಸುಟ್ಟು ನಾರುತ್ತದೆ. ಮನೆಯವರಿಗೆ ಇದೊಂದು ಮಾತು ಹೇಳಿದರೆ ಸಾಕು, ತಾವೇ ಬೇಡ ಅನ್ನುತ್ತಾರೆ.

ನಿಮ್ಮ ಅರ್ಧ ಎಕರೆ, ಅಂದರೆ 20 ಗುಂಟೆಯನ್ನು ನಾನಾದರೆ ಹೀಗೆ ಹಂಚುತ್ತೇನೆ. ಸುಗಂಧರಾಜಕ್ಕೆ 5, ಕನಕಾಂಬರಕ್ಕೆ 3, ಮಲ್ಲಿಗೆ ಕಾಕಡ ಸೇರಿ 3, ಎಲೆ ಪತ್ರೆಗೆ 2. ಉಳಿದ 7 ಗುಂಟೆಯಲ್ಲಿ ಚೆಂಡುಹೂವು, ಸೇವಂತಿಗೆ ಸರದಿಯ ಮೇಲೆ. ಕನಕಾಂಬರ ಹಾಕುವ ಜಾಗದಲ್ಲಿ ಮೊದಲು ಒಂದು ಬೆಳೆ ಚೆಂಡುಹೂವು ತೆಗೆಯಿರಿ, ಬೇರುಗಂಟಿನ ಹುಳು ಕಮ್ಮಿಯಾಗುತ್ತದೆ. ಮದುವೆಗೆ ಅರ್ಧ ದುಡ್ಡು ಮುಂಗಡ ಇಸಕೊಳ್ಳಿ. ಸಾವಿನ ಮನೆಯಲ್ಲಿ ಆ ದಿನ ದುಡ್ಡಿನ ಮಾತೆತ್ತಬೇಡಿ. ಹನ್ನೊಂದನೆಯ ದಿನ ಕಳೆದ ಮೇಲೆ ಅವರೇ ಬಂದು ಕೊಡುತ್ತಾರೆ. ಕೊಡದೆ ಉಳಿದವರು ಒಂಬತ್ತು ವರ್ಷದಲ್ಲಿ ಇಬ್ಬರು.

ಈ ವರ್ಷ ಬೇರೇನೂ ಆಗದಿದ್ದರೂ ಮಳೆ ಹಿಡಿದ ಕೂಡಲೇ ಬೇಲಿಗೆ ನಂದಿಬಟ್ಟಲು ಕಡ್ಡಿ ಊರಿಬಿಡಿ. ಕಡ್ಡಿ ಬೇಕಾದರೆ ನಮ್ಮ ತೋಟಕ್ಕೆ ಬನ್ನಿ, ಕತ್ತರಿ ನಿಮ್ಮದೇ ತನ್ನಿ.