ಚಕ್ರ ಸುತ್ತುತ್ತಾ ಇದೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಇಂಟರ್ನೆಟ್ ಕಂಪನಿಗೆ ಬೈಯೋಕೇ ಬರೆದಿದ್ದು. ಬೈಗುಳ ತೆಗೆದು ಪ್ರಶ್ನೆ ಮಾತ್ರ ಉಳಿಸ್ಕೊಂಡಿದೀವಿ, ಕೆಲವು ಪತ್ರದಲ್ಲಿ ಆಮೇಲೆ ಏನೂ ಉಳೀಲಿಲ್ಲ.

ಪ್ರ: ದುಡ್ಡು ಕಟ್ಟಿರೋದು 100 ಎಂಬಿಪಿಎಸ್ ಪ್ಲಾನಿಗೆ. ಫೈಲ್ ಡೌನ್‌ಲೋಡ್ ಮಾಡುವಾಗ 12ರ ಮೇಲೆ ಏಳೋದೇ ಇಲ್ಲ. ಇದು ಮೋಸ ತಾನೇ?

ಉ: ಇದೊಂದ್ರಲ್ಲಿ ಮೋಸ ಇಲ್ಲ ಸಾರ್, ಸ್ವಲ್ಪ ಕಿಲಾಡಿತನ ಇದೆ ಅಷ್ಟೇ. ಕಂಪನಿಯವರು ಹೇಳೋದು ಬಿಟ್ ಲೆಕ್ಕ, ನಿಮ್ಮ ಬ್ರೌಸರ್ ತೋರಿಸೋದು ಬೈಟ್ ಲೆಕ್ಕ. 8 ಬಿಟ್‌ಗೆ 1 ಬೈಟ್, ನೂರನ್ನ ಎಂಟರಿಂದ ಭಾಗಿಸಿ, ಹನ್ನೆರಡೂವರೆ. ನಿಮಗೆ 12 ಬರ್ತಿದೆ ಅಂದ್ರೆ ನೀವು ಪುಣ್ಯವಂತರು, ಈ ಪುಟದ ಉಳಿದ ಓದುಗರ ಮುಂದೆ ಹೇಳ್ಕೋಬೇಡಿ.

ಪ್ರ: ಬೆಳಗ್ಗೆ ಓಡೋ ನೆಟ್ಟು ರಾತ್ರಿ 9 ಆದ್ರೆ ಕುಂಟತ್ತೆ. ಸ್ಪೀಡ್ ಟೆಸ್ಟ್ ಮಾಡಿದ್ರೆ ಫುಲ್ ಬರತ್ತೆ, ವಿಡಿಯೋ ಮಾತ್ರ ಚಕ್ರ ಸುತ್ತತ್ತೆ. ಫೋನ್ ಮಾಡಿದ್ರೆ "ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ ಮೇಡಂ" ಅಂತಾರೆ. ಹಾಗಾದ್ರೆ ತಪ್ಪು ಯಾರ ಕಡೆ?

ಉ: ಮೇಡಂ, ನೀವು ಕೇಳಿರೋ ಹಾಗೇ, ಯಾವ ಕಡೆ ಅಂತ ಮೊದಲು ಹಿಡೀಬೇಕು, ಅಲ್ಲೀವರೆಗೂ ಅವರು ನಿಮ್ಮ ಕಡೆ ಬೆರಳು ತೋರಿಸ್ತಾರೆ ನೀವು ಅವರ ಕಡೆ. ಫೈಬರ್ ಅಂದ್ರೆ ಒಂದು ಎಳೆ ನೇರ ನಮ್ಮನೆಗೇ ಅಂತ ಬಂದಿದೆ ಅನ್ಕೊಂಡಿರ್ತೀವಿ, ಹಾಗಿರಲ್ಲ. ಜಿಪಾನ್ ಅಂತ ತುಂಬಾ ಕಡೆ ಇರೋ ವ್ಯವಸ್ಥೆಯಲ್ಲಿ ಒಂದೇ ಎಳೆ ಸ್ಪ್ಲಿಟರ್‌ನಲ್ಲಿ 32 ಇಲ್ಲಾ 64 ಮನೆಗೆ ಒಡೆಯತ್ತೆ, ಡೌನ್‌ಲೋಡ್‌ಗೆ ಸುಮಾರು 2.5 ಗಿಗಾಬಿಟ್, ಅಪ್‌ಲೋಡ್‌ಗೆ 1.25, ಅದನ್ನೇ ಎಲ್ರೂ ಹಂಚ್ಕೋಬೇಕು. ಅದಕ್ಕಿಂತ ಹೆಚ್ಚಾಗಿ ಇಕ್ಕಟ್ಟಾಗೋದು ಅದರಾಚೆ, ನಿಮ್ಮ ಕಂಪನಿ ಹೊರಗಿನ ನೆಟ್‌ವರ್ಕ್‌ಗಳಿಗೆ ಸೇರೋ ಜಾಗದಲ್ಲಿ. ಸ್ಪೀಡ್ ಟೆಸ್ಟ್ ಸರ್ವರ್ ಎಷ್ಟೋ ಸಲ ಕಂಪನಿಯ ಸ್ವಂತ ನೆಟ್‌ವರ್ಕ್ ಒಳಗೇ ಇರತ್ತೆ, ಇಕ್ಕಟ್ಟಿನ ಜಾಗ ದಾಟೋದೇ ಇಲ್ಲ, ಅದಕ್ಕೇ ಫುಲ್ ಮಾರ್ಕ್ಸು. ದೂರದ ಸರ್ವರ್ ಆರಿಸಿ ಇನ್ನೊಂದು ಸಲ ಮಾಡಿ ನೋಡಿ.

ಆದ್ರೆ ಅದಕ್ಕೂ ಮುಂಚೆ ವೈಫೈನ ಪಕ್ಕಕ್ಕಿಡಿ. ರೂಟರ್‌ನಿಂದ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿ ನೋಡಿ, ಆಗ ಚೆನ್ನಾಗಿ ಬಂದ್ರೆ ಕಂಪನಿ ಪಾಪದ್ದು, ತೊಂದರೆ ಮನೆಯೊಳಗೇ ಇದೆ. ವೈಫೈನ 2.4 ಗಿಗಾಹರ್ಟ್ಸ್ ಅಲೆ ಗೋಡೆ ದಾಟಿ ದೂರ ಹೋಗತ್ತೆ ನಿಜ, ಆದ್ರೆ ಅಲ್ಲಿ ಒಂದರ ಮೇಲೊಂದು ಬೀಳದೇ ಇರೋ ಚಾನೆಲ್ಲು ಮೂರೇ, 1, 6, 11, ಅಕ್ಕಪಕ್ಕದ ಮನೆಯವರೆಲ್ಲ ಅಲ್ಲೇ ತುಂಬ್ಕೊಂಡಿರ್ತಾರೆ, ರಾತ್ರಿ ಎಲ್ರೂ ಮನೇಲೇ ಇರೋದ್ರಿಂದ ಇನ್ನೂ ಜಾಸ್ತಿ. ಹತ್ರ ಕೂತಿದ್ರೆ 5 ಗಿಗಾಹರ್ಟ್ಸ್‌ಗೆ ಹೋಗಿ. ಅಂದಹಾಗೆ ಫೋನ್ ಮೇಲೆ ವೈಫೈ ಗುರುತು ಪೂರ್ತಿ ತುಂಬಿದ್ರೆ ರೂಟರ್‌ವರೆಗೂ ದಾರಿ ಚೆನ್ನಾಗಿದೆ ಅಂತ ಅರ್ಥ ಅಷ್ಟೇ, ಅದರಾಚೆ ಏನಾಗಿದೆ ಅಂತ ಅದಕ್ಕೇನು ಗೊತ್ತು.

ಇನ್ನೊಂದು ಕಳ್ಳ ಇದಾನೆ, ಅಪ್‌ಲೋಡ್. ಮನೇಲಿ ಯಾರದ್ದೋ ಫೋನು ಚಾರ್ಜಿಗೆ ಹಾಕಿದ ತಕ್ಷಣ ದಿನವಿಡೀ ತೆಗೆದ ಫೋಟೋ ಎಲ್ಲಾ ಮೇಲೆ ಕಳ್ಸೋಕೆ ಶುರು ಮಾಡತ್ತೆ, ರೂಟರ್ ಒಳಗೆ ಸಾಲು ಉದ್ದ ಆಗತ್ತೆ, ನಿಮ್ಮ ವಿಡಿಯೋ ಕಾಲಿನ ಮಾತೂ ಆ ಸಾಲಿನ ಕೊನೇಲಿ ನಿಂತ್ಕೋಬೇಕು. ಇದಕ್ಕೆ ಬಫರ್‌ಬ್ಲೋಟ್ ಅಂತಾರೆ. ಬ್ಯಾಕಪ್ಪನ್ನ ನಡುರಾತ್ರಿಗೆ ಹಾಕಿದ್ರೆ ಅರ್ಧ ಸಂಸಾರ ನೆಮ್ಮದಿ.

ಕೇಬಲ್‌ನಲ್ಲೂ ಕುಂಟಿದ್ರೆ ಮಾತ್ರ, ನಾಲ್ಕು ರಾತ್ರಿ ಟೈಮು ತಾರೀಕಿನ ಸಮೇತ ಬರೆದಿಟ್ಟು ಫೋನ್ ಮಾಡಿ. "ಯಾವಾಗ್ಲೂ ಸ್ಲೋ" ಅಂದ್ರೆ ಮಾತು ಮುಂದಕ್ಕೆ ಹೋಗಲ್ಲ, "ಕೇಬಲ್ ಹಾಕಿ ನೋಡಿದೀನಿ, 9ರಿಂದ 11ರವರೆಗೆ, ಇಗೋ ನಂಬರು" ಅಂದ್ರೆ ಮೇಲಿನವರಿಗೆ ಲೈನ್ ಕೊಡ್ತಾರೆ.

ಪ್ರ: ಏನೇ ಹೇಳಿದ್ರೂ "ರೂಟರ್ ಆಫ್ ಮಾಡಿ ಆನ್ ಮಾಡಿ" ಅಂತಾರಲ್ಲ, ಇದು ಕಾಟಾಚಾರದ ಮಾತಲ್ವಾ?

ಉ: ಅರ್ಧ ಕಾಟಾಚಾರ, ಅರ್ಧ ನಿಜ. ರೂಟರ್ರೂ ಒಂದು ಪುಟ್ಟ ಕಂಪ್ಯೂಟರ್ರೇ, ವಾರಗಟ್ಟಲೆ ಓಡಿ ಓಡಿ ಮೆಮೊರಿ ತುಂಬಿರತ್ತೆ, ಲಾಗಿನ್ ಸಿಕ್ಕಾಕೊಂಡಿರತ್ತೆ, ಆಫ್ ಮಾಡಿದ್ರೆ ಎಲ್ಲಾ ಹೊಸದಾಗಿ ಶುರು.

ನನ್ನದೇ ಒಂದು ಮಾನ ಕಳ್ಕೊಂಡ ಕಥೆ ಇದೆ ಕೇಳಿ. ಒಂದ್ಸಲ ನೆಟ್ ಸತ್ತೋಯ್ತು, ಕಸ್ಟಮರ್ ಕೇರ್ ಹುಡುಗ "ಲೈಟು ಉರೀತಿದ್ಯಾ ಸಾರ್" ಅಂದ, ನಾನು ಕೂತಲ್ಲಿಂದಲೇ "ಎಲ್ಲಾ ಉರೀತಿದೆ ಕಣಪ್ಪಾ" ಅಂದೆ, ಇಪ್ಪತ್ತು ನಿಮಿಷ ಕೂಗಾಡಿದೆ. ಕೊನೆಗೆ ಅವನೇ ಮೆಲ್ಲಗೆ "ಯಾವ ಬಣ್ಣ ಸಾರ್?" ಅಂದ. ಎದ್ದು ಹೋಗಿ ನೋಡಿದ್ರೆ ಎಲ್‌ಒಎಸ್ ಅಂತ ಬರೆದಿರೋ ಲೈಟು ಕೆಂಪಗೆ ಮಿಟುಕ್ತಾ ಇದೆ, ಅಂದ್ರೆ ಫೈಬರಿನಿಂದ ಬೆಳಕೇ ಬರ್ತಿಲ್ಲ ಅಂತ. ಬೆಳಗ್ಗೆ ಗುಡಿಸೋಕೆ ಅಂತ ನಾನೇ ಬೀರು ಸರಿಸಿದ್ದೆ, ಅದರ ಹಿಂದೆ ದಾರದಷ್ಟು ಸಣ್ಣ ಹಳದಿ ವೈರು ಗೋಡೆಗೆ ಒತ್ತಿ ಮಡಚ್ಕೊಂಡಿತ್ತು. ಫೈಬರ್ ಅಷ್ಟು ಜೋರಾಗಿ ಬಾಗಿದ್ರೆ ಬೆಳಕು ಆಚೆ ಸೋರಿ ಹೋಗತ್ತೆ. ಬೀರು ನಾಲ್ಕು ಬೆರಳು ಈಚೆ ಎಳೆದೆ, ಲೈಟು ಹಸಿರಾಯ್ತು. ಆ ಹುಡುಗ "ಬೇರೆ ಏನಾದ್ರೂ ಸಹಾಯ ಬೇಕಾ ಸಾರ್" ಅಂದ, ಎಂದಿನ ಮಾತೇ, ಆದ್ರೆ ಅವತ್ತು ಚುಚ್ಚಿತು.

ಪ್ರ: ಕುಕ್ಕೀಸ್ ಬೇಡ ಅಂತ ಎಷ್ಟು ಸಲ ಒತ್ತಿದ್ರೂ ಅದೇ ಸೈಟು ಮತ್ತೆ ಕೇಳತ್ತೆ. ಮರೆವಿನ ರೋಗವಾ?

ಉ: ಹೌದು, ಮರೆವೇ. ಕುಕ್ಕಿ ಅಂದ್ರೆ ಸೈಟು ನಿಮ್ಮ ಬ್ರೌಸರ್‌ನಲ್ಲಿ ಇಟ್ಟು ಹೋಗೋ ಪುಟ್ಟ ಚೀಟಿ. 1994ರಲ್ಲಿ ನೆಟ್‌ಸ್ಕೇಪ್ ಅನ್ನೋ ಬ್ರೌಸರ್ ಕಂಪನಿಯ ಲೂ ಮೊಂಟುಲಿ ಅದನ್ನ ತಂದಿದ್ದೇ ವೆಬ್‌ಸೈಟಿಗೆ ನೆನಪಿನ ಶಕ್ತಿ ಕೊಡೋಕೆ. ತಮಾಷೆ ಏನಂದ್ರೆ ನೀವು ಬೇಡ ಅಂದಿದ್ದನ್ನ ನೆನಪಿಟ್ಕೊಳ್ಳೋಕೂ ಸಾಮಾನ್ಯವಾಗಿ ಒಂದು ಕುಕ್ಕಿ ಬೇಕು, ಇನ್‌ಕಾಗ್ನಿಟೋದಲ್ಲಿ ನೋಡಿದ್ರೆ, ಇಲ್ಲಾ ಹಿಸ್ಟರಿ ಜೊತೆ ಎಲ್ಲಾ ಅಳಿಸಿದ್ರೆ, ಅದೂ ಹೋಯ್ತು. ಒಪ್ಪಿಗೆ ಬಟನ್ ದಪ್ಪಗೆ, ಬೇಡ ಅನ್ನೋದು ಮೂರು ಪುಟ ಒಳಗೆ ಇರೋದು ಮಾತ್ರ ಮರೆವಲ್ಲ, ಬೇಕಂತಲೇ.

ಪ್ರ: ಆಫೀಸಲ್ಲಿ ಮೂರು ತಿಂಗಳಿಗೊಂದ್ಸಲ ಪಾಸ್‌ವರ್ಡ್ ಬದಲಾಯ್ಸು ಅಂತಾರೆ. ನಾನು ಕೊನೇ ಅಂಕಿ ಒಂದು ಜಾಸ್ತಿ ಮಾಡ್ತೀನಿ, ಈಗ 17ಕ್ಕೆ ಬಂದಿದೀನಿ.

ಉ: ಎಲ್ರೂ ಹಾಗೇ ಮಾಡ್ತಾರೆ, ಅದಕ್ಕೇ ಅದು ದಂಡ. ತಂತ್ರಜ್ಞಾನಕ್ಕೆ ಮಾನದಂಡ ಹಾಕೋ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಸುಮ್ಸುಮ್ನೆ ಗಡುವು ಹಾಕಿ ಬದಲಾಯಿಸ್ಬೇಡಿ, ಸೋರಿಕೆ ಆಗಿದೆ ಅಂತ ಗೊತ್ತಾದ್ರೆ ಬದಲಾಯ್ಸಿ ಅಂದಿದೆ. ಅದೇ ಸಂಸ್ಥೆಗೆ 2003ರಲ್ಲಿ ಆಗಾಗ ಬದಲಾಯ್ಸಿ ಅನ್ನೋ ಹಳೇ ಸಲಹೆ ಬರ್ಕೊಟ್ಟಿದ್ದ ಬಿಲ್ ಬರ್ ಕೂಡ ಹಾಗೆ ಬರೆದಿದ್ದಕ್ಕೆ ಆಮೇಲೆ ಬೇಜಾರು ಮಾಡ್ಕೊಂಡ್ರು. ಇದನ್ನ ಪ್ರಿಂಟ್ ತೆಗೆದು ನಿಮ್ಮ ಐಟಿ ವಿಭಾಗದ ಬಾಗಿಲಿಗೆ ಅಂಟಿಸಿ, ನಮ್ಮ ಹೆಸರು ಹೇಳ್ಬೇಡಿ. ಮತ್ತೆ ನಿಮ್ಮ ಆ 17ನ್ನ ಪತ್ರಿಕೆಗೆ ಬರೆದು ಕಳ್ಸಿದ್ರಲ್ಲ, ಈಗ 18 ಮಾಡಿದ್ರೂ ಎಲ್ರಿಗೂ ಗೊತ್ತಾಗತ್ತೆ.

ಪ್ರ: ಚಾಟ್‌ನಲ್ಲಿ ಕಾಲು ಗಂಟೆ "ಟೈಪಿಂಗ್" ಅಂತ ತೋರಿಸಿ ಕೊನೆಗೆ "ಹ್ಮ್" ಅಂತ ಬರತ್ತೆ. ಉಳಿದಿದ್ದೆಲ್ಲ ಎಲ್ಲಿ ಹೋಯ್ತು?

ಉ: ಬ್ಯಾಕ್‌ಸ್ಪೇಸ್‌ಗೆ. ಇದಕ್ಕೆ ರೂಟರ್ ರೀಸ್ಟಾರ್ಟ್ ಮಾಡ್ಬೇಡಿ, ನೇರ ಫೋನ್ ಮಾಡಿ.